ಪರಸಿಯ ಮೇಲಿಟ್ಟು ನೋಡಿದ ಬೂದು

ಕಪ್ಪಿಗೂ ಬಿಳುಪಿಗೂ ನಡುವೆ ಯಾವ ಕಡೆಗೂ ವಾಲದೆ ನಿಲ್ಲುವುದು ಮನುಷ್ಯನಿಗೆ ಸಾಧಿಸಲು ಅತ್ಯಂತ ಕಠಿಣವಾದ ಸ್ಥಿತಿ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಮನಸ್ಸಿನ ವಿಷಯ ಹೇಳಿರಬೇಕು. ನಾನು ಹೇಳುತ್ತಿರುವುದು ಆರು ಅಡಿ ಅಗಲದ ಬಣ್ಣದ ಪ್ರಿಂಟರಿನ ವಿಷಯ. ಪ್ರಿಂಟರಿನ ಹೆಡ್ಡಿಗೆ ಇಂಕು ಕಟ್ಟಿಕೊಂಡರೆ ದ್ರಾವಣ ಹಾಕಿ ಒರೆಸಬಹುದು. ಮನಸ್ಸಿಗೆ ಆ ಸೌಲಭ್ಯವಿಲ್ಲ. ಉಳಿದಂತೆ ಎರಡೂ ಒಂದೇ ತರಹ ಕಾಡುತ್ತವೆ.

ನನ್ನ ಊರು ತಾಜಸುಲ್ತಾನಪುರ. ಕಲಬುರಗಿಯ ಗಾಜಿಪುರದಲ್ಲಿ ಒಂದು ಬ್ಯಾನರ್ ಅಂಗಡಿಯ ಪ್ರಿಂಟರ್ ನಡೆಸಿ, ಹೋದ ವರ್ಷ ಕೆಲಸ ಬಿಟ್ಟು ಮನೆಯಲ್ಲಿ ಕುಳಿತೆ. ಅದಕ್ಕೂ ಮೊದಲು ಕುಂಚ ಹಿಡಿದು ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಬಡ್ತಿಯ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಆಪರೇಟರ್ ಆಗಿದ್ದವನು ಸೀನಿಯರ್ ಆಪರೇಟರ್ ಆದೆ. ಅಂದಿನಿಂದ ನಾನು ಕೂಡುವ ಸ್ಟೂಲಿಗೆ ಒರಗುವ ಬೆನ್ನು ಬಂತು. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಹುಡುಕಿಕೊಂಡು ಬಂದು ಕೇಳುವುದು ಒಂದೇ ಪ್ರಶ್ನೆ: "ಕಾಕಾ, ಕೆಂಪು ಬರ್ತದ, ಹಸರು ಬರ್ತದ, ಈ ಬೂದು ಒಂದು ಯಾಕ ಬರವಲ್ದು?" ಉತ್ತರ ನನಗೆ ಗೊತ್ತಿದೆ. ಅದನ್ನು ಕಲಿತ ರೀತಿ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆ ಪಾಠಕ್ಕೆ ತೆರಬೇಕಾದ್ದನ್ನು ತೆತ್ತವನು ನಾನಲ್ಲ, ಕಮಲಾಪುರದ ಚಂದ್ರಾಮಪ್ಪ ಎನ್ನುವ ಹಿರಿಯರು.

ಮೊದಲು ಬೂದಿನ ವಿಷಯ ಮುಗಿಸುತ್ತೇನೆ. ಪ್ರಿಂಟರಿನಲ್ಲಿ ನಾಲ್ಕು ಇಂಕು: ನೀಲಿ, ಗುಲಾಬಿ, ಹಳದಿ, ಕಪ್ಪು. ಕಪ್ಪು ಒಂದರಲ್ಲೇ ಫೋಟೋ ಹೊಡೆದರೆ ಬೂದು ಶುದ್ಧವಾಗಿಯೇ ಬರುತ್ತದೆ, ಆದರೆ ತೆಳು ಬಣ್ಣ ಇರುವ ಕಡೆ, ಅಂದರೆ ಗಲ್ಲ, ಹಣೆ, ಆಕಾಶ ಇರುವ ಕಡೆ, ರವೆ ಚೆಲ್ಲಿದ ಹಾಗೆ ಚುಕ್ಕೆ ಕಾಣುತ್ತವೆ. ಅದಕ್ಕೆ ಉಳಿದ ಮೂರನ್ನೂ ಬೆರೆಸಿ ಬೂದು ಮಾಡಬೇಕು. ಮೂರನ್ನೂ ಸಮಸಮ ಹಾಕಿದರೆ ಬೂದು ಬರುವುದಿಲ್ಲ, ಚಹಾದ ಗಸಿಯ ಬಣ್ಣ ಬರುತ್ತದೆ. ನೀಲಿ ಒಂದಿಷ್ಟು ಹೆಚ್ಚು ಬೇಕು. ಆ ಒಂದಿಷ್ಟು ಎಂದರೆ ಎಷ್ಟು ಎನ್ನುವುದರಲ್ಲೇ ನನ್ನ ಆಯುಷ್ಯ ಹೋಯಿತು. ಕೆಂಪು ಸೀರೆ ಸ್ವಲ್ಪ ಹೆಚ್ಚು ಕೆಂಪಾದರೆ ಯಾರೂ ದೂರು ತರುವುದಿಲ್ಲ, ಉಟ್ಟವರು ಖುಷಿಯಾಗುತ್ತಾರೆ. ಬೂದು ಕೂದಲೆಳೆಯಷ್ಟು ಸರಿದರೂ ಕುರುಡನಿಗೂ ತಿಳಿಯುತ್ತದೆ. ಈ ಮಾತನ್ನು ನಾನು ಎಷ್ಟೋ ಜನರ ಮುಂದೆ ತಮಾಷೆಯಾಗಿ ಆಡಿದ್ದೇನೆ. ಈಗ ಆಡುವುದಿಲ್ಲ.

ನಮ್ಮ ಭಾಗದ ಮುಖಂಡರೊಬ್ಬರ ಹುಟ್ಟುಹಬ್ಬದ ಬ್ಯಾನರು ನನ್ನ ಮೊದಲ ದೊಡ್ಡ ಅನಾಹುತ. ಅವರದು ನೆರೆತ ತಲೆ. ಸರ್ಕಲ್ಲಿನಲ್ಲಿ ಬ್ಯಾನರು ಏರಿದಾಗ ತಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬೆಂಬಲಿಗರು ಹಾರ ಹಾಕಿದರು, ಪಟಾಕಿ ಹಚ್ಚಿದರು, ಯಾರೂ ತಕರಾರು ಎತ್ತಲಿಲ್ಲ. ಮುಖಂಡರು ಮಾತ್ರ ಕಾರು ನಿಲ್ಲಿಸಿ ನೋಡಿದರಂತೆ. ಮರುದಿನ ಅಂಗಡಿಗೆ ಅವರ ಆಪ್ತ ಬಂದ. "ಸಾಹೇಬ್ರು ಕೇಳ್ಯಾರ, ತಲಿಗೆ ಏನು ಹಚ್ಚೀರಂತ" ಅಂದ. ನಮ್ಮ ಮಾಲಕ ವೀರಭದ್ರಪ್ಪ ಸಾಹುಕಾರ ಗಂಭೀರವಾಗಿ ಯೋಚಿಸಿ, "ಇನ್ನ ಮ್ಯಾಲ ಸಾಹೇಬ್ರ ತಲಿ ಕರೀದೇ ಇರ್ಲಿ" ಎಂದು ತೀರ್ಪು ಕೊಟ್ಟರು. ಅಂದಿನಿಂದ ಫೈಲಿನಲ್ಲಿ ಅವರ ಕೂದಲಿಗೆ ಕಪ್ಪು ಬಳಿದೆವು. ವರ್ಷ ವರ್ಷ ಬ್ಯಾನರಿನಲ್ಲಿ ಅವರು ಎಳೆಯರಾಗುತ್ತ ಹೋದರು. ಕೊನೆಗೆ ಅವರೂ ತಲೆಗೆ ಬಣ್ಣ ಹಚ್ಚಿಸಿಕೊಂಡು ನಮ್ಮ ಬ್ಯಾನರಿಗೆ ಹೊಂದಿಕೊಂಡರು. ನನ್ನ ವೃತ್ತಿಜೀವನದಲ್ಲಿ ಅಸಲು ತಾನಾಗಿ ಪ್ರಿಂಟಿಗೆ ಹೊಂದಿಕೊಂಡ ಪ್ರಸಂಗ ಇದೊಂದೇ. ದುರದೃಷ್ಟವಶಾತ್ ನಾನು ಇದರಿಂದ ತಪ್ಪು ಪಾಠ ಕಲಿತೆ.

ಸಾಹುಕಾರರ ಬಗ್ಗೆಯೂ ಒಂದು ಮಾತು. ಕೆಟ್ಟವರಲ್ಲ. ಅವರಿಗೆ ಬಿಸಿಲು ಮತ್ತು ಧೂಳು ಎರಡೇ ಶತ್ರುಗಳು. ಅಂಗಡಿಯ ಕಿಟಕಿಗಳಿಗೆಲ್ಲ ಹಳೆಯ ಫ್ಲೆಕ್ಸ್ ಹೊಡೆಸಿ ಮುಚ್ಚಿದ್ದರು. ಒಳಗೆ ಹಗಲು ಎನ್ನುವುದು ಇರಲಿಲ್ಲ. ಇದ್ದದ್ದು ಎರಡು ಟ್ಯೂಬ್‌ಲೈಟು. ಅವುಗಳ ಪ್ಲಾಸ್ಟಿಕ್ ಮುಚ್ಚಳ ಇಂಕಿನ ಹಬೆಗೆ ಹಳದಿ ತಿರುಗಿ ಹಳೆಯ ತುಪ್ಪದ ಬಣ್ಣಕ್ಕೆ ಬಂದಿತ್ತು. ಪ್ರಿಂಟನ್ನು ಹೊರಗೆ ಒಯ್ದು ಹಗಲಲ್ಲಿ ನೋಡಬೇಕು ಎನ್ನುವ ಯೋಚನೆ ಯಾರಿಗೂ ಬರಲಿಲ್ಲ. ನಮ್ಮೂರಿನ ಬಿಸಿಲಿಗೆ ಕಾರಣವಿಲ್ಲದೆ ಯಾರೂ ಹೋಗುವುದಿಲ್ಲ, ಬೂದು ಬಣ್ಣ ಕಾರಣವೆಂದು ಯಾರೂ ಒಪ್ಪುವುದಿಲ್ಲ.

ಹಾಗಾದರೆ ಬೂದು ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ನಾನೊಂದು ವಿಧಾನ ಕಂಡುಹಿಡಿದಿದ್ದೆ. ಅಂಗಡಿಯ ನೆಲಕ್ಕೆ, ಈ ಕಡೆಯ ಎಲ್ಲ ನೆಲಗಳ ಹಾಗೆ, ಶಹಾಬಾದಿ ಪರಸಿ ಹಾಸಿತ್ತು. ನಾನು ಹುಟ್ಟಿದ್ದು ಆ ಕಲ್ಲಿನ ಮೇಲೆ, ಅಂಬೆಗಾಲಿಟ್ಟಿದ್ದು, ಉಂಡಿದ್ದು, ಮಲಗಿದ್ದು ಅದರ ಮೇಲೆ. ಬೂದು ಎಂದರೆ ನನ್ನ ಕಣ್ಣಿಗೆ ಪರಸಿ. ಪ್ರಿಂಟಿನ ತುದಿಯಲ್ಲಿ ಒಂದು ಬೂದು ಪಟ್ಟಿ ಹೊಡೆದು, ಅದನ್ನು ನೆಲದ ಮೇಲೆ ಹಾಸಿ, ಬಗ್ಗಿ ನೋಡುತ್ತಿದ್ದೆ. ಪಟ್ಟಿ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ತಿಳಿಯದಿದ್ದರೆ ಬೂದು ಪಾಸು. ಹೊಸಬರಿಗೆ ಇದನ್ನು ಶಾಸ್ತ್ರದಂತೆ ಬೋಧಿಸುತ್ತಿದ್ದೆ. ಇಡೀ ಗಾಜಿಪುರದಲ್ಲಿ "ಪರಸಿ ಪರೀಕ್ಷೆ" ಎಂದು ಹೆಸರಾಯಿತು. ಬೇರೆ ಅಂಗಡಿಯವರು ಬಂದು ನಮ್ಮ ನೆಲ ನೋಡಿಕೊಂಡು ಹೋದರು. ಆ ಕಲ್ಲು ಬೂದಲ್ಲ, ಅದರೊಳಗೆ ಒಂದು ಛಾಯೆ ನೀಲಿ ಇದೆ ಎನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಳದಿ ದೀಪದ ಕೆಳಗೆ ಆ ನೀಲಿ ಕಾಣುತ್ತಲೂ ಇರಲಿಲ್ಲ. ಕಲ್ಲು ಸುಳ್ಳು ಹೇಳುತ್ತಿತ್ತು, ದೀಪ ಅದಕ್ಕೆ ಸಾಕ್ಷಿ ನುಡಿಯುತ್ತಿತ್ತು, ನಾನು ನ್ಯಾಯಾಧೀಶ. ಬ್ಯಾನರುಗಳಿಗೆ ಅದು ನಡೆಯಿತು. ನಡೆಯಿತು ಎನ್ನುವುದೇ ನನ್ನ ಹೆಮ್ಮೆಯಾಯಿತು.

ಇಂಥ ಹೊತ್ತಿನಲ್ಲಿ ಚಂದ್ರಾಮಪ್ಪನವರು ಬಂದರು.

ಅವರು ಕಮಲಾಪುರದಲ್ಲಿ ದಶಕಗಳ ಕಾಲ ಫೋಟೋ ಸ್ಟುಡಿಯೋ ನಡೆಸಿದವರು. ಹೊಟ್ಟೆಪಾಡಿಗೆ ಮದುವೆ, ಪಾಸ್‌ಪೋರ್ಟ್ ಸೈಜು. ತಮ್ಮ ಖುಷಿಗೆ ಬಜಾರು, ಬಾವಿಕಟ್ಟೆ, ಹೊಲಕ್ಕೆ ಹೊರಟ ಹೆಣ್ಣುಮಕ್ಕಳು. ಎಲ್ಲವೂ ಕಪ್ಪು–ಬಿಳುಪು, ಎಲ್ಲವೂ ತಾವೇ ಕತ್ತಲೆ ಕೋಣೆಯಲ್ಲಿ ತೊಳೆದದ್ದು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಎಲ್ಲರೂ ಕೆಂಪಾಗಿ ಕಂಡಿದ್ದಾರೆ; ಬೂದು ಬಣ್ಣದಲ್ಲಿ ತೆಗೆದು, ಇದು ಕೆಂಪೇ ಎಂದು ನೋಡಿದವರು ಒಪ್ಪುವಂತೆ ಮಾಡಿದವರು ಅವರೊಬ್ಬರೇ. ಮಗಳು ಸುವರ್ಣಾ ಕಲಬುರಗಿಯಲ್ಲಿ ಹೈಸ್ಕೂಲ್ ಟೀಚರ್. ಆಕೆ ಅಪ್ಪನ ನೆಗೆಟಿವುಗಳನ್ನು ಸ್ಕ್ಯಾನ್ ಮಾಡಿಸಿ, ಒಂದು ಕಾಲೇಜಿನ ಹಾಲ್‌ನಲ್ಲಿ ಎರಡು ದಿನದ ಪ್ರದರ್ಶನ ಗೊತ್ತು ಮಾಡಿದ್ದಳು. ಮೂವತ್ತೆರಡು ಚಿತ್ರ, ಒಂದೊಂದೂ ಮೂರು ಅಡಿ. ಅವರ ಆಯುಷ್ಯದಲ್ಲಿ ಅದು ಮೊದಲನೆಯ ಪ್ರದರ್ಶನ. ವಯಸ್ಸು ನೋಡಿದರೆ ಕೊನೆಯದೂ ಅದೇ.

ಮೊದಲ ಚಿತ್ರ ಹೊಡೆದು ತೋರಿಸಲು ಕರೆದೆ. ಬಾಳೆಹಣ್ಣು ಮಾರುವ ಮುದುಕಿಯ ಚಿತ್ರ. ಪರಸಿ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿತ್ತು. ಚಂದ್ರಾಮಪ್ಪನವರು ಅದನ್ನು ಟೇಬಲ್ಲಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಂದರು:

"ತಮ್ಮಾ ಶರಣಪ್ಪ, ಇದರಾಗ ಎಲ್ಲೋ ನೀಲಿ ಅದ ನೋಡು."

"ನೀಲಿ ಎಲ್ಲಿಂದ ಬರಬೇಕ್ರಿ ಕಾಕಾ? ಬರೋಬ್ಬರಿ ಬೂದು ಅದ."

ಅವರು ಒಂದು ಕಣ್ಣು ಮುಚ್ಚಿದರು, ನೋಡಿದರು. ಇನ್ನೊಂದು ಮುಚ್ಚಿದರು, ನೋಡಿದರು. "ವಿಚಿತ್ರ ಅದ. ಎಡಗಣ್ಣಿಗೆ ಬರೋಬ್ಬರಿ ಕಾಣಸ್ತದ. ಬಲಗಣ್ಣಿಗೆ ನೀಲಿ."

ಸುವರ್ಣಾ ಪಕ್ಕದಲ್ಲಿದ್ದಳು. "ಬಲಗಣ್ಣಿಂದು ಪೊರೆ ತೆಗಿಸಿ ಎರಡು ತಿಂಗಳಾತ್ರಿ. ಎಡಗಣ್ಣಿಂದು ಇನ್ನ ತೆಗಿಸಬೇಕು" ಅಂದಳು.

ಈಗ ಗೊತ್ತಿರುವುದು ಅಂದೇ ಗೊತ್ತಿದ್ದರೆ ಎನ್ನುವುದು ಸೋಮಾರಿಗಳ ಮಾತು. ಆದರೂ ಹೇಳಿಬಿಡುತ್ತೇನೆ. ಪೊರೆ ಬಂದ ಕಣ್ಣು ಹಳದಿ ಗಾಜಿನ ಹಿಂದಿದ್ದ ಹಾಗೆ, ನೀಲಿಯನ್ನು ನುಂಗುತ್ತದೆ. ಪೊರೆ ತೆಗೆದ ಕಣ್ಣು ಇದ್ದದ್ದನ್ನು ಇದ್ದ ಹಾಗೆ ಕಾಣುತ್ತದೆ. ಅಂದು ನಮ್ಮ ಅಂಗಡಿಯಲ್ಲಿ ಬೂದನ್ನು ಅಳೆಯಬಲ್ಲ ಸಾಧನ ಒಂದೇ ಒಂದಿತ್ತು. ಅದು ಚಂದ್ರಾಮಪ್ಪನವರ ಬಲಗಣ್ಣು. ನಾನು ಆ ಸಾಧನವನ್ನು ನೋಡಿ ಹೀಗೆಂದೆ:

"ಕಾಕಾ, ಆಪರೇಶನ್ ಆದ ಕಣ್ಣು ಅದು. ಅದಕ್ಕ ಬಣ್ಣ ತಪ್ಪು ಕಾಣಸ್ತದ. ನಮ್ಮ ಅತ್ತಿಗೂ ಹಂಗೇ ಆಗಿತ್ರಿ. ಸಾಯೋ ತನಕ ಎಲ್ಲಾ ನೀಲಿ ನೀಲಿ ಅಂತಿದ್ಲು."

ನನಗೆ ಕಣ್ಣಿನ ಆಪರೇಶನ್ ಆದ ಅತ್ತೆ ಯಾರೂ ಇರಲಿಲ್ಲ. ಇದ್ದ ಒಬ್ಬ ಅತ್ತೆ ಕೊನೆಯವರೆಗೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಈ ಅತ್ತೆಯನ್ನು ನಾನು ಆ ಕ್ಷಣದಲ್ಲಿ, ನನ್ನ ಬೂದು ಪಟ್ಟಿಯ ಮರ್ಯಾದೆ ಉಳಿಸಲು, ಹುಟ್ಟಿಸಿ ಕಣ್ಣು ಕೆಡಿಸಿ ಸಾಯಿಸಿದೆ.

ಚಂದ್ರಾಮಪ್ಪನವರು ಮತ್ತೊಮ್ಮೆ ಬಲಗಣ್ಣಿನಿಂದ ನೋಡಿದರು. ಆಮೇಲೆ ನಕ್ಕರು. "ಇಷ್ಟು ವರ್ಷ ನೀ ಇದೇ ಕೆಲಸ ಮಾಡೀದಿ. ನೀ ಹೇಳಿದ್ದೇ ಖರೆ ಇರ್ಬೇಕು. ಡಾಕ್ಟರು ಛಲೋ ಆಗ್ಯಾದ ಅಂದಿದ್ರು. ಆಗ್ಲಿ ಬಿಡು."

ಆ "ಆಗ್ಲಿ ಬಿಡು" ಕೇಳಿದಾಗ ನನಗಾದದ್ದು ಸಂತೋಷ. ಬರೆದಿಡುತ್ತೇನೆ: ಸಂತೋಷ.

ಪ್ರದರ್ಶನದ ದಿನ ಚಿತ್ರ ತೂಗುಹಾಕಲು ನಾನೇ ಹೋದೆ. ಕಾಲೇಜಿನ ಹಾಲ್ ದೊಡ್ಡದು, ಒಂದು ಪಕ್ಕಕ್ಕೆ ಉದ್ದಕ್ಕೂ ಕಿಟಕಿ, ಗೋಡೆಗೆ ಹೊಸದಾಗಿ ಬಳಿದ ಸುಣ್ಣ. ನಾಲ್ಕು ಚಿತ್ರ ತೂಗಿದ ಮೇಲೆ ಹಿಂದೆ ಸರಿದು ನೋಡಿದೆ. ಸುಣ್ಣದ ಬಿಳುಪಿನ ಪಕ್ಕದಲ್ಲಿ, ಕಿಟಕಿಯಿಂದ ಬಂದ ಹಗಲಿನಲ್ಲಿ, ಬಾಳೆಹಣ್ಣಿನ ಮುದುಕಿ ನೀಲಿಯಾಗಿದ್ದಳು. ಬಾಳೆಹಣ್ಣೂ ನೀಲಿ. ಬಾವಿಕಟ್ಟೆ ನೀಲಿ. ಕಮಲಾಪುರದ ಇಡೀ ಬಜಾರು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಹಿಂಡಿ ಒಣಗಿಸಿದ ಹಾಗಿತ್ತು.

ಆಗ ನನಗೆ ತಿಳಿಯಿತು. ತಿಳಿದದ್ದು ಆಮೇಲೆ, ಬೇರೆ ಯಾರೋ ಹೇಳಿದ ಮೇಲೆ ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡಿದ್ದೇನೆ. ಸುಳ್ಳು. ನಾಲ್ಕನೇ ಚಿತ್ರ ತೂಗಿದಾಗಲೇ ತಿಳಿಯಿತು. ತಿಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಕಾಲೇಜಿನ ಜವಾನನನ್ನು ಕರೆದು ಕಿಟಕಿ ಮುಚ್ಚಲು ಹೇಳಿದ್ದು.

"ಈ ಸೆಕಿಯಾಗ ಕಿಟಕಿ ಹಾಕಂತೀರಿ? ಜನ ಬೇಯ್ತಾರ್ರೀ" ಅಂದ ಆತ. ನಂತರ ಗೋಡೆ ನೋಡಿ, "ಕರಿ–ಬಿಳಿ ಫೋಟೋ ಅಂದಿದ್ರಲ್ಲ ಟೀಚರು? ಇವು ನೀಲಿ ಅದಾವಲ್ಲ" ಅಂದ.

"ಮೆಲ್ಲಕ ಮಾತಾಡಪ್ಪ. ಇದು ಈಗಿನ ಫ್ಯಾಶನ್."

"ಇದು ಫ್ಯಾಶನ್ ಏನು? ನಮ್ಮ ಮನಿ ಗ್ವಾಡಿಗೆ ಸುಣ್ಣದಾಗ ನೀಲಿ ಜಾಸ್ತಿ ಬಿದ್ದಾಗ ಹಿಂಗೇ ಆಗಿತ್ತು. ನನ್ನ ಹೇಂತಿ ಎರಡು ದಿನ ಮಾತಾಡ್ಲಿಲ್ಲ."

ಕಿಟಕಿ ಮುಚ್ಚಲಿಲ್ಲ. ಜನ ಬಂದರು. ಕಮಲಾಪುರದಿಂದಲೂ ಒಂದು ಟೆಂಪೋದಲ್ಲಿ ಬಂದರು. ಚಿತ್ರಗಳ ಮುಂದೆ ನಿಂತು ಇದು ಅವರು, ಇದು ಇವರು ಎಂದು ಗುರುತು ಹಿಡಿದರು. ಒಬ್ಬ ಹೆಣ್ಣುಮಗಳು ಹೊಲಕ್ಕೆ ಹೊರಟವರ ಚಿತ್ರದ ಮುಂದೆ ನಿಂತು, "ನಮ್ಮವ್ವ ರೀ ಇಕಿ" ಅಂದಳು, ಆಮೇಲೆ ಮೆಲ್ಲಗೆ, "ಯಾಕ ನೀರಾಗ ಮುಳುಗಿದಂಗ ಕಾಣಸ್ತಾಳ?" ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ಆಕೆಯ ಕೈ ಹಿಂಡಿದಳು. ಯಾರೂ ಚಂದ್ರಾಮಪ್ಪನವರ ಎದುರು ಆ ಮಾತು ಎತ್ತಲಿಲ್ಲ. ವಯಸ್ಸಾದವರು, ಆಯುಷ್ಯದ ಕೆಲಸ ಗೋಡೆಗೆ ಹಾಕಿದ್ದಾರೆ, ಯಾರು ಹೇಳುತ್ತಾರೆ? ಸುವರ್ಣಾಳ ಮುಖ ಮಾತ್ರ ಬಾಡಿತ್ತು. ಆಕೆ ನನ್ನ ಕಡೆ ಎರಡು ಸಲ ನೋಡಿದಳು. ಎರಡು ಸಲವೂ ನಾನು ಮೊಳೆ ಸರಿಪಡಿಸುತ್ತಿದ್ದೆ.

ಸಂಜೆ ಜನ ಕಡಿಮೆಯಾದಾಗ ಚಂದ್ರಾಮಪ್ಪನವರು ನನ್ನನ್ನು ಮೂಲೆಗೆ ಕರೆದರು.

"ಒಂದು ಕೇಳ್ತೀನಿ, ಖರೆ ಹೇಳು. ಎಲ್ಲಾರಿಗೂ ಬರೋಬ್ಬರಿ ಕಾಣಸ್ತಾವೇನು? ಬಲಗಣ್ಣಿಗೆ ನನಗ ಪೂರಾ ನೀಲಿ ಹೊಡಿಯಾಕತ್ಯಾವ. ಅಂಗಡ್ಯಾಗಿದ್ದಕಿಂತ ಜಾಸ್ತಿ."

ಖರೆ ಹೇಳು ಎಂದು ಕೇಳಿದ್ದರು. ನಾನು, "ಬರೋಬ್ಬರಿ ಅದಾವ್ರಿ ಕಾಕಾ" ಅಂದೆ.

"ಹಂಗಾರ ಕಣ್ಣೇ ಕೆಟ್ಟದ" ಅಂದರು. ಆಮೇಲೆ ಎರಡನೇ ದಿನವೆಲ್ಲ ಅವರು ಬಲಗಣ್ಣಿನ ಮೇಲೆ ಕೈ ಇಟ್ಟುಕೊಂಡು ಓಡಾಡಿದ್ದನ್ನು ನೋಡಿದೆ. ಪೊರೆ ಇದ್ದ ಎಡಗಣ್ಣಿನಿಂದ ತಮ್ಮ ಚಿತ್ರಗಳನ್ನು ನೋಡುತ್ತಿದ್ದರು. ಮಬ್ಬಾಗಿ, ಆದರೆ ಬೂದಾಗಿ.

ಮಳೆಗಾಲದಲ್ಲಿ ಪ್ರಿಂಟರ್ ಕೆಟ್ಟಿತು. ರಿಪೇರಿಗೆ ಹೈದರಾಬಾದಿನಿಂದ ಇರ್ಫಾನ್ ಎಂಬ ಸರ್ವಿಸ್ ಎಂಜಿನಿಯರ್ ಬಂದ. ನನ್ನ ಅರ್ಧ ವಯಸ್ಸಿನವನು, ಬಾಯಲ್ಲಿ ಸದಾ ಏಲಕ್ಕಿ. ಕೆಲಸ ಮುಗಿಸಿ ಒಂದು ಪರೀಕ್ಷೆಯ ಚಿತ್ರ ಹೊಡೆದ. ನಾನು ಅಭ್ಯಾಸದಂತೆ ಅದನ್ನು ನೆಲಕ್ಕೆ ಹಾಸಿ ಬಗ್ಗಿದೆ.

"ಚಚಾ, ಏ ಕ್ಯಾ ಕರ್ ರೈಂ? ನಮಾಜ್?"

ಪರಸಿ ಪರೀಕ್ಷೆಯ ಮಹಿಮೆ ವಿವರಿಸಿದೆ. ಆತ ಮರ್ಯಾದೆಯಿಂದ ಪೂರ್ತಿ ಕೇಳಿದ. ಆಮೇಲೆ ಚೀಲದಿಂದ ಬಣ್ಣ ಹೋಲಿಸಲೆಂದೇ ಮಾಡಿದ, ಅಂಗೈ ಅಗಲದ ಒಂದು ಬೂದು ರಟ್ಟು ತೆಗೆದ, ಪ್ರಿಂಟನ್ನು ಸುತ್ತಿ ಹಿಡಿದ, "ಬಾಹರ್ ಆವೋ ಚಚಾ" ಎಂದು ನನ್ನನ್ನು ಬಾಗಿಲಾಚೆ ನೆರಳಿಗೆ ಕರೆದೊಯ್ದ. ರಟ್ಟನ್ನು ಪ್ರಿಂಟಿನ ಮೇಲಿಟ್ಟ. ರಟ್ಟು ಬೂದಾಗಿತ್ತು, ಪ್ರಿಂಟು ನೀಲಿಯಾಗಿತ್ತು. ಆತ ಏಲಕ್ಕಿ ಅಗಿದ.

ನಂತರ ಆತ ಕಲಿಸಿದ್ದನ್ನು ಹೊಸಬರಿಗಾಗಿ ಇಲ್ಲಿ ಬರೆಯುತ್ತೇನೆ. ಬಿಳುಪಿನಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೂದು ಚೌಕ ಹೊಡೆಯಿರಿ. ಹೊಡೆದ ಕೂಡಲೇ ನೋಡಬೇಡಿ. ಇಂಕು ಒಣಗಿದ ಮೇಲೆ ಬಣ್ಣ ಸರಿಯುತ್ತದೆ, ಒಂದು ದಿನ ಬಿಡಿ. ಅಳೆಯುವ ಯಂತ್ರವಿದ್ದರೆ ಅದರಿಂದ ಒಂದೊಂದು ಚೌಕ ಅಳೆದು ಆ ಕಾಗದಕ್ಕೆ, ಆ ಇಂಕಿಗೆ ಬೇರೆಯೇ ಪ್ರೊಫೈಲ್, ಅಂದರೆ ಯಾವ ಇಂಕು ಎಷ್ಟು ಬೀಳಬೇಕೆಂದು ಪ್ರಿಂಟರಿಗೆ ಹೇಳುವ ಫೈಲು, ಮಾಡಿ. ಯಂತ್ರವಿಲ್ಲದಿದ್ದರೆ ಬೂದು ರಟ್ಟು ಇಟ್ಟುಕೊಂಡು ನೆರಳಿನ ಹಗಲಲ್ಲಿ ನೋಡಿ. ಇಂಕು ಬದಲಾದರೆ, ಕಾಗದ ಬದಲಾದರೆ, ಮೊದಲಿನಿಂದ ಶುರು ಮಾಡಿ. ಬೂದಿನಲ್ಲಿ ಕಪ್ಪು ಇಂಕಿನ ಪಾಲು ಹೆಚ್ಚಿಡಿ, ಉಳಿದ ಮೂರು ಚುಕ್ಕೆ ಮುಚ್ಚುವಷ್ಟು ಮಾತ್ರ ಇರಲಿ. ಆಗ ಒಂದು ಹೆಚ್ಚು ಕಡಿಮೆಯಾದರೂ ಬೂದು ಓಡಿಹೋಗುವುದಿಲ್ಲ. ಗಿರಾಕಿ ಇದರಲ್ಲಿ ಬಣ್ಣ ಇದೆ ಎಂದರೆ, ಅವರ ಕಣ್ಣಿನ ಬಗ್ಗೆ ಮಾತಾಡುವ ಮೊದಲು ಹೊರಗೆ ಹೋಗಿ ನೋಡಿ. ಕೊನೆಯದು ಇರ್ಫಾನ್ ಕಲಿಸಿದ್ದಲ್ಲ.

ದೀಪಾವಳಿ ಆದ ಮೇಲೆ ಸುವರ್ಣಾ ಶಾಲೆಯ ಬ್ಯಾನರಿಗೆಂದು ಅಂಗಡಿಗೆ ಬಂದಳು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ, ಕೇಳದೆ ಇರಲು ಬರುವುದಿಲ್ಲವಲ್ಲ.

"ಏನ್ ಹೇಳ್ಲಿ ಅಣ್ಣಾ. ಎಡಗಣ್ಣಿನ ಆಪರೇಶನ್ ಒಲ್ಲೆ ಅಂತ ಕೂತಾನ. ಡಾಕ್ಟರು ಅವಸರ ಮಾಡ್ಯಾರ, ಪೊರಿ ಪೂರಾ ಹಣ್ಣಾಗ್ಯಾದ, ಬಿಟ್ರ ಒಳಗ ಒತ್ತಡ ಏರಿ ಕಣ್ಣು ಹೋಗ್ತದ ಅಂದಾರ. ಇವ ಕೇಳವಲ್ಲ. ಒಂದು ಕಣ್ಣು ಕೆಡಿಸ್ಕೊಂಡೀನಿ, ಬಣ್ಣ ನೆಟ್ಟಗ ಕಾಣೋದು ಇದೊಂದೇ ಕಣ್ಣು, ಇದನ್ನೂ ಕೆಡಿಸ್ಕೊಳ್ಳೇನು ಅಂತಾನ."

ಸಾಹುಕಾರರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನಾನು ಹೇಳಬೇಕಾಗಿದ್ದ ಮಾತು ಬಹಳ ಸಣ್ಣದು. ಒಂದು ಬ್ಯಾನರಿನಲ್ಲಿ ಎರಡು ಸಾಲಿಗೆ ಹಿಡಿಯುವಂಥದ್ದು. ನಾನು ಅಂದದ್ದು: "ಹಿರಿಯರು, ನಿಧಾನಕ ಒಪ್ತಾರ ಬಿಡವ್ವಾ."

ಆಕೆ ಹೋದ ಮೇಲೆ ನನಗೊಂದು ಉದಾತ್ತ ಯೋಚನೆ ಬಂತು. ಬರಿಗೈಯಲ್ಲಿ ಹೋಗಿ ತಪ್ಪು ಒಪ್ಪಿಕೊಳ್ಳುವುದಕ್ಕಿಂತ, ಮೂವತ್ತೆರಡೂ ಚಿತ್ರವನ್ನು ಹೊಸ ವಿಧಾನದಲ್ಲಿ, ಅಪ್ಪಟ ಬೂದಿನಲ್ಲಿ ಹೊಡೆದುಕೊಂಡು ಹೋಗಿ ಒಪ್ಪಿಸಿ ಕ್ಷಮೆ ಕೇಳಬೇಕು. ಹೇಡಿಗೆ ಬರುವ ಯೋಚನೆಗಳೆಲ್ಲ ಉದಾತ್ತವಾಗಿಯೇ ಇರುತ್ತವೆ. ಅಂಗಡಿಯ ಕೆಲಸದ ನಡುವೆ ಬಿಡುವು ಸಿಕ್ಕಾಗ ಒಂದೊಂದೇ ಹೊಡೆದೆ. ಒಂದರಲ್ಲಿ ಗುಲಾಬಿ ಕಂಡರೆ ಹರಿದೆ, ಮತ್ತೆ ಹೊಡೆದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಶ್ರದ್ಧೆಯಿಂದ ಮಾಡಿದಷ್ಟೂ ದಿನ ಮುಂದೆ ಹೋಗುತ್ತಿತ್ತು. ಮೂವತ್ತೆರಡನೆಯದು ಮುಗಿಯುವಾಗ ಯುಗಾದಿ ಆಗಿತ್ತು. ಐದು ತಿಂಗಳು. ಫೋನು ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಹುಮನಾಬಾದ ದಾರಿಯ ಬಸ್ಸು ಹಿಡಿದು, ಸುರುಳಿ ಸುತ್ತಿದ ಚಿತ್ರಗಳನ್ನು ಮಡಿಲಲ್ಲಿ ಮಗುವಿನಂತೆ ಹಿಡಿದುಕೊಂಡು ಕಮಲಾಪುರಕ್ಕೆ ಹೋದೆ. ಚಂದ್ರಾಮಪ್ಪನವರು ಬಲಗಣ್ಣು ಮುಚ್ಚಿಕೊಂಡು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಹತ್ತಿರ ಹೋಗುವವರೆಗೆ ನನ್ನ ಗುರುತು ಹತ್ತಲಿಲ್ಲ.

"ಶರಣಪ್ಪನೇನು? ಬಾ ಬಾ. ಏ, ಯಾರು ಬಂದಾರ ನೋಡು, ಚಹಾ ಇಡು" ಎಂದು ಒಳಗಿದ್ದ ಹೆಂಡತಿ ಈರಮ್ಮನನ್ನು ಕೂಗಿದರು.

ಬಸ್ಸಿನಲ್ಲಿ ಕಂಠಪಾಠ ಮಾಡಿಕೊಂಡು ಬಂದ ಮಾತನ್ನು ಚಹಾ ಬಂದ ಮೇಲೆ ಆಡೋಣ ಎಂದು ಮುಂದೂಡಿದೆ. ಸುರುಳಿ ಬಿಚ್ಚಿ ಬಾಳೆಹಣ್ಣಿನ ಮುದುಕಿಯನ್ನು ಅವರ ಕೈಗೆ ಕೊಟ್ಟೆ. ಅವರು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರು. ಹತ್ತಿರ ಹಿಡಿದರು, ದೂರ ಹಿಡಿದರು. ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ.

"ನೀಲಿ ಇಲ್ಲ! ಏ ಈರಮ್ಮಾ, ಬಾ ಇಲ್ಲಿ. ನೀಲಿ ಇಲ್ಲ. ಕಣ್ಣು ಸುಧಾರಿಸ್ಯಾದ!"

ಈರಮ್ಮ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಳು. "ಸುಧಾರಿಸಿದ್ರ ಇನ್ನೊಂದರದೂ ಮಾಡಿಸ್ಕೊಂಡು ಬರ್ರಿ. ವರ್ಷಾತು ಬಡ್ಕೊಳ್ಳಾಕತ್ತೀನಿ."

"ಮಾಡಿಸ್ತೀನಿ. ನಾಳಿಗೇ ಸುವರ್ಣಾಗ ಫೋನ್ ಹಚ್ಚು."

ಓದುವವರು ನನ್ನ ಜಾಗದಲ್ಲಿ ಒಂದು ಕ್ಷಣ ನಿಂತು ನೋಡಬೇಕು. ನಾನು ಬಾಯಿ ತೆರೆಯದಿದ್ದರೂ ಆಪರೇಶನ್ ಆಗುತ್ತಿತ್ತು. ಸುಳ್ಳು ತಾನು ಮಾಡಿದ ಗಾಯಕ್ಕೆ ತಾನೇ ಪಟ್ಟಿ ಕಟ್ಟಿತ್ತು. ನಾನು ಆ ಪಟ್ಟಿಗೆ ಇನ್ನೊಂದು ಗಂಟು ಹಾಕಿದೆ: "ಹೌದ್ರಿ ಕಾಕಾ, ಒಮ್ಮೊಮ್ಮೆ ವರ್ಷದ ಮ್ಯಾಲ ತಾನೇ ಸುಧಾರಿಸ್ತದ."

ಅವರು ಖುಷಿಯಲ್ಲಿ ಎದ್ದು ಒಳಗೆ ಹೋದರು. ಪ್ರದರ್ಶನದಲ್ಲಿದ್ದ ಹಳೆಯ ಬಾಳೆಹಣ್ಣಿನ ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು ಬಂದು, ಕಟ್ಟೆಯ ಮೇಲೆ ಹೊಸದರ ಪಕ್ಕದಲ್ಲಿಟ್ಟರು. ಸುಧಾರಿಸಿದ ಕಣ್ಣಿನಿಂದ ಅದನ್ನೂ ಒಮ್ಮೆ ಸರಿಯಾಗಿ ನೋಡುವ ಆಸೆ ಅವರಿಗೆ.

ಆಯುಷ್ಯವಿಡೀ ಒಂದೇ ನೆಗೆಟಿವಿನಿಂದ ಎರಡು ಪ್ರಿಂಟ್ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿದ ಮನುಷ್ಯ. ಬಲಗಣ್ಣಿನಿಂದ ಹಳೆಯದನ್ನು ನೋಡಿದರು, ಹೊಸದನ್ನು ನೋಡಿದರು, ಮತ್ತೆ ಹಳೆಯದನ್ನು. ರಸ್ತೆಯಲ್ಲಿ ಒಂದು ಟಂಟಂ ಆಟೋ ಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ಅವರು ತಲೆ ಎತ್ತಲಿಲ್ಲ.

"ಶರಣಪ್ಪ."

"ರೀ."

"ನಿಮ್ಮ ಅತ್ತಿ ಹೆಸರು ಏನಂದಿದ್ದಿ?"

ಒಂದು ಹೆಸರು ಹೇಳಬಹುದಿತ್ತು. ನಾಲ್ಕಾರು ಹೆಸರು ನಾಲಿಗೆಯ ತುದಿಗೆ ಬಂದವು ಎನ್ನುವುದನ್ನೂ ಬರೆದಿಡುತ್ತೇನೆ. ಆಮೇಲೆ ಎಲ್ಲವನ್ನೂ ಹೇಳಿದೆ. ಪರಸಿ, ಟ್ಯೂಬ್‌ಲೈಟು, ಹಾಲ್‌ನ ಕಿಟಕಿ, ಇರ್ಫಾನನ ರಟ್ಟು, ದೀಪಾವಳಿಗೆ ಬಂದ ಸುವರ್ಣಾ. ಕ್ರಮವಾಗಿ ಹೇಳಲು ಬರಲಿಲ್ಲ, ಹಿಂದುಮುಂದಾಗಿ ಹೇಳಿದೆ. ಈರಮ್ಮ ಕೈಯಲ್ಲಿದ್ದ ಕಪ್ಪನ್ನು ಕಟ್ಟೆಯ ಮೇಲಿಟ್ಟು, ನನ್ನ ಕಡೆ ನೋಡದೆ, "ಕುಡೀರಿ, ಆರ್ತದ" ಎಂದು ಒಳಗೆ ಹೋದಳು.

ಚಂದ್ರಾಮಪ್ಪನವರು ಬೈಯಲಿಲ್ಲ. "ಕಣ್ಣು ಖರೇನೇ ಹೇಳಿತ್ತು" ಅಂದರು. "ನಾನೇ ಅದಕ್ಕ ಸುಳ್ಳ ಅಂದೆ. ಯಾರೋ ಒಬ್ಬ ಟೇಬಲ್ ಆಚಿ ಕುಂತು ಹೇಳಿದ ಅಂತ."

ಹೊಸ ಚಿತ್ರವನ್ನು ಮತ್ತೆ ಎತ್ತಿಕೊಂಡು, "ಇದನ್ನ ಹೆಂಗ ತೆಗದಿ? ಕಪ್ಪು ಎಷ್ಟು ಹಾಕ್ದಿ?" ಎಂದು ಕೇಳಿದರು. ನಾನು ಹೇಳಿದೆ. ಅವರು ನಡುನಡುವೆ ಪ್ರಶ್ನೆ ಕೇಳಿದರು. ನೆರಳಿನ ಭಾಗದಲ್ಲಿ ಇನ್ನೂ ಸ್ವಲ್ಪ ವಿವರ ಬಿಡಿಸಬಹುದಿತ್ತು ಅಂದರು, ಅದು ನಿಜವಾಗಿತ್ತು. ಅರ್ಧ ತಾಸು ಇಬ್ಬರೂ ಬೂದು ಬಣ್ಣದ ಬಗ್ಗೆ, ಒಂದೇ ಕಸುಬಿನ ಇಬ್ಬರು ಮಾತಾಡುವ ಹಾಗೆ, ಮಾತಾಡಿದೆವು. ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ಅದಕ್ಕಿಂತ ಹಗುರಾಗುತ್ತಿತ್ತು. ಚಹಾ ಆರಿತ್ತು, ಕುಡಿದೆ.

ಮುಂದಿನ ವಾರ ಸುವರ್ಣಾ ಅವರನ್ನು ಕಲಬುರಗಿಯ ಕಣ್ಣಿನ ಆಸ್ಪತ್ರೆಗೆ ಕರೆತಂದಳು. ಒಳಗೆ ಒತ್ತಡ ಏರಿ ಬಹಳ ದಿನವಾಗಿದೆ ಎಂದರು ಡಾಕ್ಟರು. ಆಪರೇಶನ್ ಆಯಿತು. ಎಡಗಣ್ಣಿಗೆ ಈಗ ಎದುರಿಗೆ ಕೈ ಅಲ್ಲಾಡಿಸಿದರೆ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ.